ಎಷ್ಟೊತ್ತಿಗೆ ಕರ್ಕೊಂಡು ಹೋದ್ರು?

ಬೆಳಿಗ್ಗೆ ಆರೂವರೆಗೆ ಗೇಟಿನ ಚಿಲಕ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ. ಜಮೀನಿನ ವ್ಯಾಜ್ಯಕ್ಕೆ ಯಾರೂ ಅಷ್ಟು ಹೊತ್ತಿಗೆ ಲಾಯರ ಮನೆಗೆ ಬರುವುದಿಲ್ಲ. ಆ ಬುಧವಾರ ಬಂದ ತಾಯಿ ಊರಿನ ಮೊದಲ ಬಸ್ಸು ಹಿಡಿದಿದ್ದರು. ಕೈಯಲ್ಲಿ ಮಗನ ಆಧಾರ್ ಕಾರ್ಡಿನ ಜೆರಾಕ್ಸ್ ಇತ್ತು.

"ಎಲ್ಡು ದಿಸ ಆಯ್ತು ಕನವ್ವ. ಬಿಳಿ ಗಾಡೀಲಿ ಕೂರುಸ್ಕಂಡು ಹೋದ್ರು. ಟೇಸನ್‌ಗೆ ಹೋಗಿ ಕೇಳುದ್ರೆ, ನಾವು ಯಾರ್‍ನೂ ಕರ್ಕಬಂದಿಲ್ಲ ಅಂತಾರೆ."

ಇಂಥ ಮಾತು ಕೇಳಿದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟೊತ್ತಿಗೆ ಕರ್ಕೊಂಡು ಹೋದ್ರು? ಯಾಕೆ ಕರ್ಕೊಂಡು ಹೋದರು, ಕಳ್ಳತನವಾ, ಗಲಾಟೆಯಾ ಎನ್ನುವುದೆಲ್ಲ ಆಮೇಲೆ. ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೋರ್ಟಿನಲ್ಲಿ ಇಪ್ಪತ್ತು ವರ್ಷ ರಿಮ್ಯಾಂಡ್ ಕೇಸುಗಳಿಗೆ, ಅಂದರೆ ಪೊಲೀಸರು ಹಿಡಿದವರನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದು ಕಸ್ಟಡಿ ಕೇಳುವಾಗ ಅವರ ಪರ, ನಿಂತು ನಾನು ಕಲಿತ ಒಂದು ವಿಷಯವಿದ್ದರೆ ಅದು ಇದು. ಪೊಲೀಸರು ಕರ್ಕೊಂಡು ಹೋದ ಹೊತ್ತು ಬೇರೆ, ಕಾಗದದಲ್ಲಿ ದಸ್ತಗಿರಿ ತೋರಿಸಿದ ಹೊತ್ತು ಬೇರೆ. ಹೊಡೆತ ಬೀಳುವುದು ಆ ಎರಡರ ನಡುವೆ. ಮನುಷ್ಯ ಕಾಣೆಯಾಗುವುದೂ ಅಲ್ಲೇ. ಬಲವಂತದ ಕಣ್ಮರೆ ಎಂದರೆ ನಮಗೆ ಬೇರೆ ದೇಶಗಳ ಸುದ್ದಿ ನೆನಪಾಗುತ್ತದೆ. ಆದರೆ ಒಬ್ಬನನ್ನು ಪೊಲೀಸರು ಒಯ್ದು, ಒಯ್ದೇ ಇಲ್ಲ ಎಂದು ಹೇಳಿದ ಗಳಿಗೆಯಿಂದಲೇ ಅವನು ಕಾಣೆಯಾದವನು. ಬಹುಪಾಲು ಜನ ಎರಡು ಮೂರು ದಿನಕ್ಕೆ ಕೋರ್ಟಿನ ಮೆಟ್ಟಿಲ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಕೆಲವರು ಕಾಣಿಸಿಕೊಳ್ಳುವುದೇ ಇಲ್ಲ.

ಕಾಣಿಸಿಕೊಳ್ಳದವರ ಕಥೆ ನಮ್ಮ ಭಾಗಕ್ಕೆ ಹೊಸದಲ್ಲ. ವೀರಪ್ಪನ್ ಹಿಡಿಯಲು 1993ರಲ್ಲಿ ಎರಡು ರಾಜ್ಯಗಳ ಜಂಟಿ ಕಾರ್ಯಪಡೆ ಬಂದಾಗ ಕಾಡಂಚಿನ ಊರುಗಳಿಂದ ಎತ್ತಿಕೊಂಡು ಹೋದವರನ್ನು ಕೂಡಿಹಾಕುತ್ತಿದ್ದ ಮಲೆ ಮಹದೇಶ್ವರ ಬೆಟ್ಟದ ಜಾಗಕ್ಕೆ ಜನ ಇಟ್ಟ ಹೆಸರು 'ವರ್ಕ್‌ಶಾಪ್'. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2003ರಲ್ಲಿ ವರದಿ ಬಂತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಆಯೋಗ ಹೇಳಿತು. ನಾನು ಜೂನಿಯರ್ ಆಗಿದ್ದಾಗ ಆ ಕಡೆಯ ಹೆಂಗಸರು ನಮ್ಮ ಸೀನಿಯರ್ ಆಫೀಸಿಗೆ ಬರುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ತಾರೀಖೂ ಇರಲಿಲ್ಲ. "ರಾಗಿ ಕುಯ್ಯೋ ಕಾಲ್ದಲ್ಲಿ" ಎನ್ನುತ್ತಿದ್ದರು. ಅಷ್ಟು ವರ್ಷಗಳ ಮೇಲೆ ರಾಗಿ ಕುಯ್ಲಿನ ಹೊತ್ತನ್ನು ಗಂಟೆ ನಿಮಿಷಕ್ಕೆ ಇಳಿಸುವುದು ಹೇಗೆ? ಅವತ್ತಿನಿಂದ ನಾನು ಹೊತ್ತಿನ ಬೆನ್ನು ಬಿದ್ದಿದ್ದೇನೆ.

ಆ ತಾಯಿಗೂ ಗಂಟೆ ಗೊತ್ತಿರಲಿಲ್ಲ. "ಸೊಸೆ ಡೈರಿಗೆ ಹಾಲಾಕಿ ಬತ್ತಾವ್ಳೆ, ಆಗ" ಎಂದರು. ಡೈರಿಯಲ್ಲಿ ಚೀಟಿ ಕೊಡುತ್ತಾರಲ್ಲ, ಅದು ಇದೆಯಾ ಎಂದೆ. ಸೊಸೆಗೆ ಫೋನು ಮಾಡಿಸಿದೆವು. ಸೋಮವಾರದ ಚೀಟಿ ಸಕ್ಕರೆ ಡಬ್ಬದ ಅಡಿಯಲ್ಲಿ ಸಿಕ್ಕಿತು. ತಾರೀಖು, ಬೆಳಗಿನ ಸರದಿ, ಹಾಲಿನ ಅಳತೆ, ಫ್ಯಾಟು, ಕೊನೆಗೆ ಸಣ್ಣಕ್ಷರದಲ್ಲಿ 6:52. ಡೈರಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಆಕೆ ಖಾಲಿ ಕ್ಯಾನು ಹಿಡಿದು ಬರುವಾಗ ಗಂಡ ಗಾಡಿಯೊಳಗಿದ್ದ. ಹೊತ್ತು ಸಿಕ್ಕಿತು.

ನಾನು ಬರುವ ಮೊದಲು ಹಿರಿಯ ವಕೀಲರು ಇಂಥ ಸಂದರ್ಭಕ್ಕೆ ಟೆಲಿಗ್ರಾಂ ಕೊಡುತ್ತಿದ್ದರು. ಎಸ್‌ಪಿಗೆ ಒಂದು, ಮ್ಯಾಜಿಸ್ಟ್ರೇಟರಿಗೆ ಒಂದು. ತಂತಿ ಕಚೇರಿಯ ಮೊಹರಿನ ಮೇಲಿನ ಗಂಟೆಯನ್ನು ಯಾರೂ ತಿದ್ದುವಂತಿರಲಿಲ್ಲ. 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆ ನಿಂತಾಗ ನಮ್ಮ ಬಾರ್ ರೂಮಿನಲ್ಲಿ ಬೇಸರಪಟ್ಟವರು ಕ್ರಿಮಿನಲ್ ವಕೀಲರೇ. ಈಗ ನಾನು ಮಾಡುವುದು ಹೀಗೆ: ಮನೆಯವರ ಫೋನಿನಿಂದಲೇ 112ಕ್ಕೆ ಕರೆ ಮಾಡಿಸುತ್ತೇನೆ. ಆ ಕರೆ ದಾಖಲಾಗುತ್ತದೆ. "ನನ್ನ ಮಗನನ್ನು ಸೋಮವಾರ ಬೆಳಿಗ್ಗೆ ಏಳರ ಸುಮಾರಿಗೆ ಒಯ್ದಿದ್ದಾರೆ, ಎಲ್ಲಿದ್ದಾನೆ ಹೇಳಿ" ಎಂದು ಅವರ ಬಾಯಲ್ಲೇ ಹೇಳಿಸುತ್ತೇನೆ. ಆಮೇಲೆ ಅದನ್ನೇ ನಾಲ್ಕು ಸಾಲು ಬರೆದು ಎಸ್‌ಪಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ರಾಜ್ಯ ಮಾನವ ಹಕ್ಕುಗಳ ಆಯೋಗ ಮೂವರಿಗೂ ಒಂದೇ ಇಮೇಲ್. ಆರೋಪದ ಮಾತು ಒಂದೂ ಇರಬಾರದು. ದೌರ್ಜನ್ಯ, ಅಮಾನುಷ ಮುಂತಾದ ಪದಗಳನ್ನು ಮೊದಲೆಲ್ಲ ನಾನೂ ಬರೆಯುತ್ತಿದ್ದೆ. ಓದುವ ಅಧಿಕಾರಿ ಆ ಪದಗಳಿಗೆ ಉತ್ತರ ಕೊಟ್ಟು ಹೊತ್ತನ್ನು ಬಿಟ್ಟುಬಿಡುತ್ತಾನೆ. ಯಾರು, ಎಲ್ಲಿಂದ, ಎಷ್ಟೊತ್ತಿಗೆ, ನೋಡಿದವರು ಯಾರು. ಅಷ್ಟು ಸಾಕು.

ಅವತ್ತು ಇಮೇಲ್ ಹೋದದ್ದು ಎಂಟೂಕಾಲಕ್ಕೆ. ಸಂಜೆ ನಾಲ್ಕಕ್ಕೆ ಹುಡುಗನನ್ನು "ಬಸ್ ಸ್ಟ್ಯಾಂಡ್ ಬಳಿ ಅನುಮಾನಾಸ್ಪದವಾಗಿ ಓಡಾಡುತ್ತಿದ್ದಾಗ" ದಸ್ತಗಿರಿ ಮಾಡಿದ್ದಾಗಿ ತೋರಿಸಿದರು. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಹೀಗೇ ಆಗುತ್ತದೆ. ಹೊರಗೆ ಒಂದು ಕಾಗದದಲ್ಲಿ ಹೊತ್ತು ನಮೂದಾಗಿದೆ ಎಂದು ಗೊತ್ತಾದರೆ ಠಾಣೆಯಲ್ಲಿ ಕೈ ತಡೆಯುತ್ತದೆ. ಆಗದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಒಯ್ದವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ. ಅದಕ್ಕೂ ಆಧಾರ ಇದೇ ನಾಲ್ಕು ಸಾಲು. ಕೇರಳದ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು 1976ರ ಮಾರ್ಚ್ 1ರಂದು ಹಾಸ್ಟೆಲಿನಿಂದ ಒಯ್ದಾಗ ತುರ್ತು ಪರಿಸ್ಥಿತಿ. ಅವನ ತಂದೆ ಈಚರ ವಾರಿಯರ್ ಮಂತ್ರಿಗಳಿಗೆ, ಅಧಿಕಾರಿಗಳಿಗೆ ಅರ್ಜಿ ಬರೆಯುತ್ತಲೇ ಇದ್ದರು. 1977ರಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗ ಆ ಅರ್ಜಿಗಳೂ, ಮಗನನ್ನು ಒಯ್ದದ್ದನ್ನು, ಪೊಲೀಸ್ ಕ್ಯಾಂಪಿನಲ್ಲಿದ್ದದ್ದನ್ನು ನೋಡಿದವರ ಮಾತುಗಳೂ ಅವರ ಬೆನ್ನಿಗಿದ್ದವು. ಸರ್ಕಾರ ಮೊದಲು ಹೇಳಿದ "ನಮ್ಮ ವಶದಲ್ಲಿರಲೇ ಇಲ್ಲ" ನಿಲ್ಲಲಿಲ್ಲ. ಕರುಣಾಕರನ್ ಮುಖ್ಯಮಂತ್ರಿ ಸ್ಥಾನ ಬಿಡಬೇಕಾಯಿತು. ಮಗನ ಶವ ಮಾತ್ರ ಸಿಗಲೇ ಇಲ್ಲ.

ಮರುದಿನ ಬೆಳಿಗ್ಗೆ ರಿಮ್ಯಾಂಡು. ಇಲ್ಲಿ ನಾನು ಹಿಂದೆ ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಬಹಳ ವರ್ಷದ ಹಿಂದೆ ಒಬ್ಬ ಹಮಾಲಿಯನ್ನು ಹಾಜರುಪಡಿಸಿದ್ದರು. ಮ್ಯಾಜಿಸ್ಟ್ರೇಟ್ ಸಾಹೇಬರು ವಾಡಿಕೆಯಂತೆ "ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?" ಎಂದರು. ಅವನು "ಇಲ್ಲ ಸ್ವಾಮಿ" ಎಂದ. ಆರ್ಡರ್ ಶೀಟಿನಲ್ಲಿ 'ದೂರಿಲ್ಲ' ಎಂದು ಬಂತು. ನಾನು ಜಾಮೀನು ಅರ್ಜಿಯ ಮೇಲೇ ಕಣ್ಣಿಟ್ಟಿದ್ದೆ. ಅವನು ಹೊರಗೆ ಹೋಗುವಾಗ ನೋಡಿದೆ, ಕಾಲಿನ ಅಂಚನ್ನಷ್ಟೇ ಊರಿ ನಡೆಯುತ್ತಿದ್ದ. ಅಂಗಾಲಿಗೆ ಹೊಡೆದಿದ್ದರು. ಜೈಲಿನಲ್ಲಿ ಎರಡು ವಾರ ಮಲಗಿದ. 'ದೂರಿಲ್ಲ' ಎಂಬ ಆ ಒಂದು ಪದ ಮುಂದೆ ಅವನ ಎಲ್ಲ ಅರ್ಜಿಗಳಿಗೂ ಅಡ್ಡ ನಿಂತಿತು. ಅವನ ಹಿಂದೆ ಒಂದು ಮಾರು ದೂರದಲ್ಲಿ ಹೊಡೆದವನೇ ನಿಂತಿದ್ದ, ಅವನು ಇನ್ನೇನು ಹೇಳಿಯಾನು?

ಈಗ ನಾನು ಹೊಡೆದರಾ ಎಂದು ಕೇಳಿಸುವುದೇ ಇಲ್ಲ. ಮೊದಲು ಬೆಂಗಾವಲಿನವರನ್ನು ಬಾಗಿಲಾಚೆ ನಿಲ್ಲಿಸಲು ಕೋರುತ್ತೇನೆ. ಆಮೇಲೆ "ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ? ಮೊನ್ನೆ ರಾತ್ರಿ? ಊಟ ಯಾರು ತಂದುಕೊಟ್ಟರು?" ಎಂದು ಕೇಳಿಸುತ್ತೇನೆ. ಭಯಪಟ್ಟವನೂ ಊಟದ ವಿಷಯ ಸುಳ್ಳು ಹೇಳುವುದಿಲ್ಲ. "ಮೊನ್ನೆ ರಾತ್ರಿ ಠಾಣೆ ಹಿಂದಿನ ಕ್ವಾರ್ಟ್ರಸ್‌ನಲ್ಲಿ, ಚಿತ್ರಾನ್ನ ಕೊಟ್ರು" ಎಂದ ಈ ಹುಡುಗ. ಅಷ್ಟರಲ್ಲಿ ಬುಧವಾರ ಸಂಜೆಯ ದಸ್ತಗಿರಿ ಸುಳ್ಳಾಯಿತು. ಆಮೇಲೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೆಯಲು, ಅಂಗಿ ತೆಗೆಯಲು ಹೇಳಿ ಎಂದು ಕೋರಿದೆ. ಮ್ಯಾಜಿಸ್ಟ್ರೇಟರು ಸಣ್ಣ ವಯಸ್ಸಿನವರು. ಪೀಠದಿಂದ ಇಳಿದು ಹತ್ತಿರ ಬಂದು ನೋಡಿದರು. ಎಡತೊಡೆಯ ಹಿಂದೆ ಎರಡು ಸಮಾನಾಂತರ ಗೆರೆ, ನಡುವೆ ಚರ್ಮದ ಮಾಮೂಲಿ ಬಣ್ಣ. ಲಾಠಿಯಂಥ ದುಂಡನೆಯ ಕೋಲು ಬಿದ್ದಾಗ ಹೀಗೇ ಜೋಡಿ ಗೆರೆ ಮೂಡುತ್ತದೆ, ಯಾಕೆಂದರೆ ರಕ್ತ ಏಟಿನ ಎರಡೂ ಅಂಚಿಗೆ ಸರಿಯುತ್ತದೆ. ಬಿದ್ದರೆ, ಬೈಕಿನಿಂದ ಉರುಳಿದರೆ ಹೀಗಾಗುವುದಿಲ್ಲ. ಅವರು ಅದನ್ನು ತಮ್ಮ ಕೈಯಾರೆ ಆರ್ಡರ್ ಶೀಟಿನಲ್ಲಿ ಬರೆದು ವೈದ್ಯಕೀಯ ಪರೀಕ್ಷೆಗೆ ಕಳಿಸಿದರು. ಅವರು ಬರೆದ ಆ ನಾಲ್ಕು ಸಾಲಿಗೆ ನಾನು ಇವತ್ತಿಗೂ ಋಣಿ.

ವೈದ್ಯರ ವಿಷಯಕ್ಕೆ ಬಂದರೆ, ನಾವು ಅವರ ಮೇಲೆ ಸಿಟ್ಟಾಗಿಯೇ ಹತ್ತು ವರ್ಷ ಕಳೆದೆವು. 'ಹೊರಗಾಯಗಳಿಲ್ಲ' ಎಂದು ರಬ್ಬರ್ ಸ್ಟಾಂಪು ಒತ್ತಿದಂತೆ ಬರುತ್ತಿತ್ತು. ಕಾನೂನು ಸೇವಾ ಪ್ರಾಧಿಕಾರದ ಒಂದು ಸಭೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರೊಬ್ಬರು ಎದ್ದು ನಿಂತು ಹೇಳಿದರು: "ಮೇಡಂ, ರಾತ್ರಿ ಹನ್ನೊಂದಕ್ಕೆ ಕರ್ಕೊಂಡು ಬರ್ತಾರೆ. ನಾಲ್ಕು ಜನ ಪೊಲೀಸರು ಟೇಬಲ್ ಸುತ್ತ ನಿಂತಿರ್ತಾರೆ. ಹೊರಗೆ ಹೆರಿಗೆ ಕೇಸು ಕಾಯ್ತಿರುತ್ತೆ. ಅಂಗಿ ಬಿಚ್ಚು ಅಂತ ಯಾವ ಧೈರ್ಯದ ಮೇಲೆ ಹೇಳ್ಲಿ?" ಅವರ ಮಾತಿನಲ್ಲಿ ನ್ಯಾಯವಿತ್ತು. ಅವರ ಜೊತೆ ಕೂತು ಒಂದೇ ಹಾಳೆ ತಯಾರು ಮಾಡಿದೆವು. ಮುಂದೆ ಒಂದು, ಹಿಂದೆ ಒಂದು ದೇಹದ ರೇಖಾಚಿತ್ರ. ಗಾಯ ಎಲ್ಲಿದೆಯೋ ಅಲ್ಲಿ ಗುರುತು, ಪಕ್ಕದಲ್ಲಿ ಅಳತೆ, ಬಣ್ಣ. ಬಣ್ಣ ಯಾಕೆಂದರೆ ಕಂದಿದ ಜಾಗ ಮೊದಲು ಕೆಂಪು, ಆಮೇಲೆ ನೀಲಿ, ಐದಾರು ದಿನಕ್ಕೆ ಹಸಿರು, ಆಮೇಲೆ ಹಳದಿಗೆ ತಿರುಗಿ ಎರಡು ವಾರದಲ್ಲಿ ಮಾಯವಾಗುತ್ತದೆ. ಇದರಿಂದ ಗಾಯದ ವಯಸ್ಸು ಅಂದಾಜಿಗಷ್ಟೇ ಸಿಗುತ್ತದೆ, ನಿಜ. ಆದರೆ ಹಸಿರಾದ ಗಾಯ ನಿನ್ನೆಯದಲ್ಲ ಎಂದಾದರೂ ಹೇಳಬಹುದು. ಹಾಳೆಯ ಮೇಲ್ಗಡೆ ಒಂದು ಸಾಲು: 'ಪರೀಕ್ಷೆಯ ವೇಳೆ ಪೊಲೀಸರು ಕೊಠಡಿಯಲ್ಲಿ ಇದ್ದರು / ಇರಲಿಲ್ಲ'. ಈ ಸಾಲು ಡಾಕ್ಟರಿಗೆ ನೆಪ ಕೊಟ್ಟಿತು. "ನೋಡಿ, ಫಾರ್ಮಿನಲ್ಲೇ ಕೇಳಿದ್ದಾರೆ, ಹೊರಗಿರಿ" ಎನ್ನುವುದು ಅವರಿಗೆ ಸುಲಭವಾಯಿತು. ಚಿತ್ರಹಿಂಸೆಯನ್ನು ಹೇಗೆ ಪರೀಕ್ಷಿಸಿ ದಾಖಲಿಸಬೇಕು ಎಂದು ಹೇಳುವ ವಿಶ್ವಸಂಸ್ಥೆಯ ಇಸ್ತಾಂಬುಲ್ ಪ್ರೋಟೋಕಾಲ್ ದೊಡ್ಡ ಪುಸ್ತಕ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸಕ್ಕೆ ಬಂದದ್ದು ಅದರಿಂದ ಹಿಂಡಿ ತೆಗೆದ ಈ ಒಂದು ಹಾಳೆ.

ಕ್ಯಾಮೆರಾ ಬಗ್ಗೆ ಎರಡು ಮಾತು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಪ್ರತಿ ಠಾಣೆಯಲ್ಲೂ ಧ್ವನಿಸಹಿತ ಸಿಸಿಟಿವಿ ಇರಬೇಕು, ದೃಶ್ಯ 18 ತಿಂಗಳು, ಅಷ್ಟು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂದಿತು. ನಾನು ಅದನ್ನು ನಂಬಿ ಆರು ತಿಂಗಳ ಮೇಲೆ ಅರ್ಜಿ ಹಾಕಿ ಕೈಸುಟ್ಟುಕೊಂಡಿದ್ದೇನೆ. 'ತಾಂತ್ರಿಕ ದೋಷ' ಎಂಬ ಉತ್ತರ ಬಂತು. ಈಗ ರಿಮ್ಯಾಂಡಿನ ದಿನವೇ ಇಂಥ ದಿನ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯ ದೃಶ್ಯ ಉಳಿಸಿಡಿ ಎಂದು ಕೋರ್ಟಿಗೂ ಜಿಲ್ಲಾ ಉಸ್ತುವಾರಿ ಸಮಿತಿಗೂ ಬರೆಯುತ್ತೇನೆ.

ಇದೆಲ್ಲ ವಕೀಲರೊಬ್ಬರಿಂದ ಆಗುವ ಕೆಲಸವಲ್ಲ. ದಲಿತ ಸಂಘರ್ಷ ಸಮಿತಿಯ ಹಳಬರು, ಒಬ್ಬ ನಿವೃತ್ತ ಮೇಷ್ಟ್ರು, ಇಬ್ಬರು ಆಶಾ ಕಾರ್ಯಕರ್ತೆಯರು, ಪ್ಯಾರಾಲೀಗಲ್ ಸ್ವಯಂಸೇವಕರು ಸೇರಿ ಹೋಬಳಿಗೊಂದು ಫೋನ್ ನಂಬರು ಹಂಚಿಕೊಂಡಿದ್ದೇವೆ. ಕಾನೂನು ಸೇವೆಯ 15100 ನಂಬರನ್ನು ಡೈರಿ, ನ್ಯಾಯಬೆಲೆ ಅಂಗಡಿ ಗೋಡೆಗಳ ಮೇಲೆ ಬರೆಸಿದ್ದೇವೆ. ಪೊಲೀಸರ ಕಡೆಯಿಂದಲೂ ನೆರವು ಬಂದಿದೆ. ಒಬ್ಬ ಎಸ್‌ಪಿ ನಮ್ಮ ಕೋರಿಕೆಗೆ ಠಾಣೆಗಳಲ್ಲಿ ಕಾಗದಪತ್ರ ಬರೆಯುವ ರೈಟರುಗಳನ್ನೆಲ್ಲ ಒಂದು ಶನಿವಾರ ಕೂರಿಸಿ, ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನ ದಸ್ತಗಿರಿ ಮೆಮೋವನ್ನು ಹೇಗೆ ತುಂಬಬೇಕು, ಸಾಕ್ಷಿಯಾಗಿ ಮನೆಯವರ ಅಥವಾ ಊರಿನವರ ಸಹಿ ಯಾಕೆ ಬೇಕು ಎಂದು ನಮ್ಮಿಂದಲೇ ಹೇಳಿಸಿದರು. ಸಹಿಯ ಪಕ್ಕದಲ್ಲಿ ಗಂಟೆ ಬರೆಯುವ ರೈಟರು ಒಬ್ಬನಿದ್ದರೂ ಆ ಠಾಣೆಯ ಹವಾಮಾನವೇ ಬೇರೆ.

ಕಾನೂನು ಮಾತ್ರ ಇನ್ನೂ ಹಿಂದುಳಿದಿದೆ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ ಭಾರತ 1997ರಲ್ಲಿ, ಬಲವಂತದ ಕಣ್ಮರೆ ವಿರುದ್ಧದ ಒಪ್ಪಂದಕ್ಕೆ 2007ರಲ್ಲಿ ಸಹಿ ಹಾಕಿತು. ಎರಡನ್ನೂ ಅನುಮೋದಿಸಲಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆ ದಾಟಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಮತ್ತೆ ಕರಡು ಕೊಟ್ಟಿತು, ಅದೂ ಹಾಗೇ ಇದೆ. ನಮಗೆ ಉಳಿದಿರುವುದು ತಪ್ಪೊಪ್ಪಿಗೆಗಾಗಿ ಹೊಡೆಯುವ ಅಪರಾಧದ ಕಲಂ, ಹಿಂದಿನ ಐಪಿಸಿ 330, ಈಗ ಭಾರತೀಯ ನ್ಯಾಯ ಸಂಹಿತೆಯ 120. ಅದರಲ್ಲೂ 'ಕರ್ತವ್ಯದ ಭಾಗವಾಗಿ ಮಾಡಿದ್ದು, ಸರ್ಕಾರದ ಅನುಮತಿ ಬೇಕು' ಎಂಬ ತಕರಾರು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಪೊಲೀಸ್ ಕಸ್ಟಡಿಯ 15 ದಿನವನ್ನು ಕೇಸಿನ ಮೊದಲ 40 ಅಥವಾ 60 ದಿನದೊಳಗೆ ಬಿಡಿಬಿಡಿಯಾಗಿ ಕೇಳಬಹುದು, ಅಂದರೆ ಜೈಲಿನಿಂದ ಮತ್ತೆ ಠಾಣೆಗೆ ಒಯ್ಯಬಹುದು. ಜೈಲಿಗೆ ಹೋದವನು ಇನ್ನು ಮುಂದೆ ಸುರಕ್ಷಿತ ಎಂದು ತಾಯಂದಿರಿಗೆ ನಾನು ಹೇಳುತ್ತಿದ್ದ ಮಾತನ್ನು ಈಗ ಹೇಳಲಾಗುತ್ತಿಲ್ಲ.

ಆ ಹುಡುಗ ಕಳ್ಳತನದ ಕೇಸಿನಲ್ಲಿ ಬಿಡುಗಡೆಯಾದ. ಹೊಡೆದವರ ಮೇಲಿನ ಖಾಸಗಿ ದೂರು ನಡೆಯುತ್ತಿದೆ. ಹೋದ ತಿಂಗಳು ಫೈಲು ತೆಗೆದು ನೋಡಿದರೆ ಡೈರಿ ಚೀಟಿ ಬೆಳ್ಳಗಾಗಿತ್ತು. ಆ ಕಾಗದದ ಅಕ್ಷರ ಬಿಸಿಗೆ ಮೂಡಿದ್ದು, ವರ್ಷ ಕಳೆದಂತೆ ಅಳಿಸಿಹೋಗುತ್ತದೆ. ಮೊದಲ ದಿನವೇ ಜೆರಾಕ್ಸ್ ಮಾಡಿಸಿಟ್ಟಿದ್ದೆ, ಆದರೆ ಎದುರು ವಕೀಲರು ಮೂಲ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ಹಾಲು ಸೊಸೈಟಿಯ ಲೆಕ್ಕದಲ್ಲಿ ಅವತ್ತಿನ ಬೆಳಗಿನ ಸರದಿ ಇರಬೇಕು. ಕಾರ್ಯದರ್ಶಿಯನ್ನು ರಿಜಿಸ್ಟರು, ಕಂಪ್ಯೂಟರ್ ಲೆಕ್ಕ ಎರಡರ ಸಮೇತ ಸಾಕ್ಷಿಗೆ ಕರೆಸಲು ಅರ್ಜಿ ಹಾಕಿದ್ದೇನೆ. ಸೋಮವಾರ ಅದರ ವಿಚಾರಣೆ ಇದೆ. ಸೊಸೆಯೂ ಬರುತ್ತೇನೆಂದಿದ್ದಾಳೆ, ಬೆಳಗಿನ ಹಾಲು ಹಾಕಿ ಮೊದಲ ಬಸ್ಸಿಗೆ.