ಗುಲ್‌ಮೊಹರ್ ಬುಡದ ಅಣಬೆಗೆ ಹೆಸರು ಹುಡುಕಿದ್ದು

ಧಾರವಾಡದಲ್ಲಿ ಮಿರಗ ಮಳೆ ಹಿಡಿದು ನಾಲ್ಕೈದು ದಿನ ಆಗಿತ್ತು. ನಮ್ಮ ಓಣಿಯ ಹಳೇ ಗುಲ್‌ಮೊಹರ್ ಬುಡದಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ ಅಣಬೆ ಎದ್ದಿತ್ತು. ಪಾಲಿಶ್ ಹೊಡೆದ ಹಾಗೆ ಹೊಳೆಯುತ್ತಿತ್ತು, ಕೆಳಗಡೆ ಬೆಳ್ಳಗೆ. ಆ ಬಿಳಿ ಮೇಲೆ ಉಗುರಿನಿಂದ ಗೀರಿದರೆ ಗೆರೆ ಕಂದಾಗುತ್ತಿತ್ತು. ಕಿತ್ತು ತಂದು, ಮಾದರಿಯ ಚೀಟಿ ಮೇಲೆ ‘ಗ್ಯಾನೊಡರ್ಮಾ ಲೂಸಿಡಮ್’ ಅಂತ ಬರೆದುಬಿಟ್ಟೆ. ಹೊಳೆಯೋ ಅಣಬೆ ಸಿಕ್ಕರೆ ಜಾಸ್ತಿ ಜನ ಬರೆಯೋದು ಅದನ್ನೇ.

ನಮ್ಮ ಸಂಶೋಧನೆಯ ಗೈಡ್ ಚೀಟಿ ನೋಡಿ ಕೇಳಿದರು: "ಲೂಸಿಡಮ್ ಅಂತ ಮೊದಲ ಕರದದ್ದು ಎಲ್ಲೀ ಅಣಬಿನ, ಗೊತ್ತದ ಏನವಾ?"

ಗೊತ್ತಿರಲಿಲ್ಲ. ಕೂತು ಓದಿದೆ. 1781ರಲ್ಲಿ ಕರ್ಟಿಸ್ ಎಂಬುವರು ಇಂಗ್ಲೆಂಡಿನ ಅಣಬೆಗೆ ಬೊಲೀಟಸ್ ಲೂಸಿಡಸ್ ಅಂತ ಹೆಸರಿಟ್ಟಿದ್ದರು. 1881ರಲ್ಲಿ ಕಾರ್ಸ್ಟೆನ್ ಎಂಬ ಅಣಬೆ ತಜ್ಞರು ಅದನ್ನಿಟ್ಟುಕೊಂಡೇ ಗ್ಯಾನೊಡರ್ಮಾ ಕುಲ ಮಾಡಿದರು. ಹೆಸರು ಅಂಟಿಕೊಂಡಿರೋದು ಅಲ್ಲಿನ ಅಣಬೆಗೆ. ಚೀನಾದಲ್ಲಿ ಅಷ್ಟು ವರ್ಷ ಲೂಸಿಡಮ್ ಅಂತ ಬೆಳೆಸಿದ ಔಷಧಿ ಅಣಬೆಯೇ ಬೇರೆ ಅಂತ ತಿಳಿದು, 2012ರಲ್ಲಿ ಅದಕ್ಕೆ ಗ್ಯಾನೊಡರ್ಮಾ ಲಿಂಗ್‌ಝಿ ಅಂತ ಹೆಸರು ಕೊಟ್ಟರು. ಹಾಗಿದ್ದ ಮೇಲೆ ಧಾರವಾಡದ ಗುಲ್‌ಮೊಹರ್ ಬುಡದ್ದನ್ನ ಸುಮ್ನೆ ಲೂಸಿಡಮ್ ಅನ್ನೋಕೆ ಆಗುತ್ತಾ?

ಅಷ್ಟರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟ ನನ್ನ ಮಾದರಿಗೆ ಬೂಸ್ಟು ಬಂದಿತ್ತು. ಮತ್ತೆ ಹೋಗಿ ಇನ್ನೊಂದು ತಂದೆ. ಈ ಸಲ ಪೇಪರ್ ಕವರಿನಲ್ಲಿ ಹಾಕಿ, ಮರ ಯಾವುದು, ಬುಡವೋ ಕೊಂಬೆಯೋ, ಮರ ಜೀವಂತವಾಗಿದೆಯೋ ಒಣಗಿದೆಯೋ ಎಲ್ಲ ಅಲ್ಲೇ ನಿಂತು ಬರೆದುಕೊಂಡೆ. ಒಣಗಿದ ಮೇಲೆ ಬಣ್ಣ ನೆನಪಿನಲ್ಲಿ ಉಳಿಯಲ್ಲ.

ಅಣಬೆಯ ಮೇಲೆ ಕೋಕೋ ಪುಡಿ ಥರ ಧೂಳು ಕೂತಿತ್ತು. ಅದು ಅದರದ್ದೇ ಬೀಜಕ, ಅಂದರೆ ಸ್ಪೋರ್. ಚೂರೇ ಚೂರು ಗಾಜಿನ ಮೇಲೆ ಇಟ್ಟು, ಒಂದು ಹನಿ ಪೊಟ್ಯಾಶ್ ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಪ್ರತಿ ಬೀಜಕಕ್ಕೂ ಎರಡು ಪದರದ ಗೋಡೆ, ಎರಡರ ನಡುವೆ ಸಣ್ಣ ಸಣ್ಣ ಕಂಬ, ಒಂದು ತುದಿ ಕತ್ತರಿಸಿದ ಹಾಗೆ ಮೊಂಡು. ಎಷ್ಟು ಚೆಂದ! ಕುಲ ಗ್ಯಾನೊಡರ್ಮಾನೇ, ಅನುಮಾನ ಉಳಿಯಲಿಲ್ಲ. ಮೂವತ್ತು ಬೀಜಕ ಅಳೆದೆ. ಪ್ರಭೇದ ಮಾತ್ರ ಅಷ್ಟರಿಂದ ತೀರ್ಮಾನ ಆಗಲಿಲ್ಲ.

ಡಿಎನ್‌ಎದಲ್ಲಿ ಅಣಬೆ ಗುರುತಿಸೋಕೆ ಬಳಸೋ ಐಟಿಎಸ್ ಅನ್ನೋ ಭಾಗ ಓದಿಸಿದೆವು. ಬೇರೆಯವರು ಸೇರಿಸಿಟ್ಟ ಡಿಎನ್‌ಎ ದಾಖಲೆಗಳ ಜೊತೆ ಹೋಲಿಸಿದರೆ ಮೊದಲ ಸಾಲಿನಲ್ಲೇ ಲೂಸಿಡಮ್! ಖುಷಿಯಾಯಿತು, ಆದರೆ ಆ ದಾಖಲೆ ತೆರೆದು ನೋಡಿದರೆ ಯಾವ ಮರ, ಯಾವ ಊರು, ಮಾದರಿ ಎಲ್ಲಿದೆ ಅನ್ನೋದು ಒಂದೂ ಇಲ್ಲ. ನನ್ನ ಹಾಗೇ ಯಾರೋ ಹೊಳಪು ನೋಡಿ ಬರೆದಿರಬಹುದು ಅಲ್ವಾ? ಹೊಸ ಪ್ರಭೇದ ಅಂತ ಹೇಳೋಕೂ ನನ್ನ ಹತ್ತಿರ ಇದ್ದದ್ದು ಒಂದೇ ಮಾದರಿ.

ಹಳೇ ಚೀಟಿ ತೆಗೆದು ಹೊಸದು ಅಂಟಿಸಿದೆ: ‘ಗ್ಯಾನೊಡರ್ಮಾ, ಪ್ರಭೇದ ತೀರ್ಮಾನವಾಗಿಲ್ಲ. ಗುಲ್‌ಮೊಹರ್, ಜೀವಂತ ಮರದ ಬುಡ, ಧಾರವಾಡ.’ ಗೈಡ್ ಓದಿ ಕೆಳಗೆ ಸಹಿ ಹಾಕಿದರು.