ಅದು ಹೆಗ್ಗಣ ಅಲ್ಲ: ವಾಟರ್ ವೋಲ್ ಹುಡುಕಿದ ನನ್ನ ಅನುಭವ

ಇಂಗ್ಲೆಂಡಿನ ಒಂದು ಕಾಲುವೆ ದಂಡೆ ಮೇಲೆ ನಡೀತಾ ಇದ್ದೆ. ನೀರಿಗೆ ‘ಪ್ಲಪ್’ ಅಂತ ಏನೋ ಬಿತ್ತು. ಕಂದು ಬಣ್ಣದ ಬೆನ್ನೊಂದು ಈಜಿಕೊಂಡು ಆಚೆ ದಡದ ಹುಲ್ಲಿನಲ್ಲಿ ಮರೆಯಾಯಿತು. ಹೆಗ್ಗಣ ಅಂದುಕೊಂಡು ಮುಂದೆ ಹೋದೆ. ಮುಂದೆ ಸ್ವಯಂಸೇವಕನಾಗಿ ದಂಡೆಗಳ ಸಮೀಕ್ಷೆಗೆ ಸೇರಿದಾಗ ಗೊತ್ತಾಯಿತು, ನಾನು ಅವತ್ತು ನೋಡಿದ್ದು ವಾಟರ್ ವೋಲ್, ನೀರಿನ ದಂಡೆಯಲ್ಲಿ ಬಿಲ ತೋಡಿ ಬದುಕುವ, ಇಲಿಯಂಥ ಒಂದು ಪ್ರಾಣಿ.

ಮೊದಲು ಕಲಿತದ್ದು ಮುಖ ನೋಡೋದು. ಹೆಗ್ಗಣದ ಮೂತಿ ಚೂಪು, ಕಿವಿ ಎದ್ದು ಕಾಣುತ್ತದೆ, ಬಾಲ ಉದ್ದ, ಬೋಳು. ವೋಲ್‌ನ ಮೂತಿ ಮೊಂಡು, ಕಿವಿ ಕೂದಲಲ್ಲಿ ಮುಚ್ಚಿಹೋಗಿರುತ್ತದೆ, ಬಾಲ ಗಿಡ್ಡ, ಅದರ ಮೇಲೂ ಕೂದಲು. ಹೆಗ್ಗಣದ ಕುಟುಂಬ ಮ್ಯೂರಿಡೇ. ವೋಲ್ ಸೇರುವುದು ಕ್ರೈಸೆಟಿಡೇ ಕುಟುಂಬಕ್ಕೆ. ಹ್ಯಾಮ್‌ಸ್ಟರ್, ಲೆಮ್ಮಿಂಗ್, ಮಸ್ಕ್‌ರ‍್ಯಾಟ್ ಇದರ ನೆಂಟರು.

ಹೆಸರಿನ ಕಥೆ ನನಗೆ ತುಂಬಾ ಇಷ್ಟ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಈ ಪ್ರಾಣಿಗೆ ಒಂದೇ ಪುಸ್ತಕದಲ್ಲಿ ಎರಡು ವೈಜ್ಞಾನಿಕ ಹೆಸರು ಕೊಟ್ಟ. ಒಂದು ‘ಆಂಫಿಬಿಯಸ್’, ಅಂದರೆ ನೀರು ನೆಲ ಎರಡರಲ್ಲೂ ಇರುವಂಥದ್ದು. ಇನ್ನೊಂದು ‘ಟೆರೆಸ್ಟ್ರಿಸ್’, ನೆಲದ್ದು. ಬಹಳ ಕಾಲ ಪುಸ್ತಕಗಳಲ್ಲಿ ಆರ್ವಿಕೋಲಾ ಟೆರೆಸ್ಟ್ರಿಸ್ ಅಂತಲೇ ಇತ್ತು. ಈಗ ಬ್ರಿಟನ್ನಿನ ವೋಲ್‌ಗೆ ಆರ್ವಿಕೋಲಾ ಆಂಫಿಬಿಯಸ್ ಅಂತಾರೆ. ಆದರೆ ‘ನೆಲದ್ದು’ ಅನ್ನೋದು ಸುಮ್ನೆ ಬಂದ ಮಾತಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪೂರ್ವ ಭಾಗದಲ್ಲಿ ಇದೇ ವೋಲ್‌ಗಳು ನೀರಿನಿಂದ ದೂರ, ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡು ಬದುಕುತ್ತಿವೆ!

ನಾನು ಹುಡುಕುವ ಜಾಗ ಮಾತ್ರ ನೀರಿನ ಪಕ್ಕದ್ದೇ. ನೀರು ನಿಧಾನವಾಗಿ ಹರಿಯಬೇಕು. ಬಿಲ ತೋಡಲು ಕಡಿದಾದ ಮಣ್ಣಿನ ದಡ ಬೇಕು. ಹುಲ್ಲು, ಜೊಂಡು ದಟ್ಟವಾಗಿರಬೇಕು, ಯಾಕಂದ್ರೆ ಊಟವೂ ಅದೇ, ಮರೆಯೂ ಅದೇ. ಕಲ್ಲು ಕಟ್ಟಿದ ದಡ, ದನ ತುಳಿದು ಬೋಳಾದ ದಡ ಕಂಡರೆ ನನಗೆ ಆಸೆ ಅರ್ಧ ಕಡಿಮೆಯಾಗುತ್ತದೆ.

ಪ್ರಾಣಿ ಕಾಣೋದು ಅಪರೂಪ. ಕಾಣೋದು ಗುರುತುಗಳು. ಮೊದಲ ಸಲ ಸಿಕ್ಕಿದ್ದು ನೀರಂಚಿನ ಜೊಂಡಿನ ನಡುವೆ ಒಂದು ಪುಟ್ಟ ರಾಶಿ. ಸುಮಾರು ಹತ್ತು ಸೆಂಟಿಮೀಟರ್ ಉದ್ದದ ಕಡ್ಡಿಗಳು, ಚಾಕುವಿನಲ್ಲಿ ಕೊಯ್ದ ಹಾಗೆ ತುದಿಯೆಲ್ಲ ಓರೆ. ಅರ್ಧ ಅಡಿ ಆಚೆ ಹಿಕ್ಕೆಯ ಗುಡ್ಡೆ. ಕೈಗವಸು ಹಾಕಿಕೊಂಡು ಒಂದನ್ನು ಮುರಿದೆ. ಒಂದು ಸೆಂಟಿಮೀಟರ್ ಉದ್ದ ಇರಬಹುದು, ಎರಡೂ ತುದಿ ದುಂಡಗೆ, ಒಳಗೆ ಹಸಿರು. ಮೂಸಿದರೆ ವಾಸನೆಯೇ ಇಲ್ಲ. ಹೆಗ್ಗಣದ್ದಾದರೆ ಗಬ್ಬು ನಾರುತ್ತದೆ. ಮೇಲಿನವು ಇನ್ನೂ ಹಸಿ, ಕೆಳಗಿನವು ತುಳಿದು ಚಪ್ಪಟೆಯಾಗಿದ್ದವು. ಮರಿ ಹಾಕುವ ಕಾಲದಲ್ಲಿ ಇವು ಹೀಗೆ ಗಡಿ ಗುರುತು ಮಾಡುತ್ತವೆ: ಹಳೆಯದರ ಮೇಲೆ ಹೊಸದು ಹಾಕಿ, ಪಕ್ಕೆಯ ಗ್ರಂಥಿಗೆ ಹಿಂಗಾಲು ಉಜ್ಜಿ, ಅದೇ ಕಾಲಲ್ಲಿ ತುಳಿಯುತ್ತವೆ. ಆ ಗುಡ್ಡೆ ಮುಂದೆ ಮಂಡಿಯೂರಿ ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ.

ಬಿಲ ಕಂಡರೂ ಅದಕ್ಕೆ ಕೈ ಹಾಕಬಾರದು, ಅದರ ಮೇಲೆ ಕಾಲಿಡಬಾರದು. 2008ರಿಂದ ಇಂಗ್ಲೆಂಡಿನಲ್ಲಿ ವಾಟರ್ ವೋಲ್‌ಗೂ ಅದರ ಬಿಲಕ್ಕೂ ಕಾನೂನಿನ ಪೂರ್ಣ ರಕ್ಷಣೆ ಇದೆ.

ಇನ್ನೊಂದು ತಿರುವಿನಲ್ಲಿ ದಡ, ಜೊಂಡು, ನೀರು ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಹಳೆಯ ಬಿಲಗಳೂ ಇದ್ದವು. ಆದರೆ ಬಾಯಿಗೆ ಜೇಡರ ಬಲೆ, ಒಂದು ಹಸಿ ಹಿಕ್ಕೆಯೂ ಇಲ್ಲ. ಕೆಸರಿನಲ್ಲಿ ಮಾತ್ರ ಮಿಂಕ್‌ನ ಹೆಜ್ಜೆ. ತುಪ್ಪಳಕ್ಕೆಂದು ಅಮೆರಿಕದಿಂದ ತಂದು ಸಾಕಿ, ತಪ್ಪಿಸಿಕೊಂಡ, ಮುಂಗುಸಿಯಂತೆ ಕಾಣುವ ಬೇಟೆಗಾರ ಪ್ರಾಣಿ ಅದು. ವೋಲ್ ನೀರಿಗೆ ಹಾರಿದರೂ ಮಿಂಕ್ ಈಜಿ ಬರುತ್ತದೆ. ಬಿಲಕ್ಕೆ ನುಗ್ಗಿದರೆ ಹೆಣ್ಣು ಮಿಂಕ್ ಹಿಂದೆಯೇ ನುಗ್ಗುತ್ತದೆ, ಅದರ ಮೈ ಅಷ್ಟು ಸಣ್ಣ. ಜಾಗ ಎಷ್ಟೇ ಚೆನ್ನಾಗಿದ್ದರೂ ಓಡಿಹೋಗಲು ದಾರಿಯೇ ಉಳಿಯಲ್ಲ ಅಲ್ವಾ?

ಅವತ್ತು ಫಾರಂನಲ್ಲಿ ‘ಸೊನ್ನೆ’ ಬರೆಯಲು ಕೈ ಬರಲಿಲ್ಲ. ಆಮೇಲೆ ಬರೆದೆ. ಪಕ್ಕದಲ್ಲಿ ಮಿಂಕ್ ಹೆಜ್ಜೆ ಸಿಕ್ಕ ಜಾಗವನ್ನೂ ಗುರುತು ಹಾಕಿದೆ.