ಗಾಜಿನ ಹಂಚಿನ ಕೆಳಗೆ

ಬೀಡಿ ಕಟ್ಟುವವರ ಫೋಟೋ ತೆಗೆಯಲು ಹೊರಟ ಮೊದಲ ಎರಡು ತಿಂಗಳು ನನಗೆ ಒಂದೂ ಸರಿ ಬರಲಿಲ್ಲ. ಉಡುಪಿಯಿಂದ ಕಟಪಾಡಿ ಕಡೆ ಹೋದರೆ ಬೀಡಿ ಕಟ್ಟುವ ಮನೆಗಳು ಈಗಲೂ ಸಿಗುತ್ತವೆ. ಮಧ್ಯಾಹ್ನ ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರು ಒಂದೇ ಕಡೆ ಸೇರುತ್ತಾರೆ. ತೊಡೆಯ ಮೇಲೆ ತಡ್ಪೆ, ಅಂದರೆ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ. ನಾನು ಎದುರಿಗೆ ನಿಂತು ತೆಗೆಯುತ್ತಿದ್ದೆ. ಮನೆಗೆ ಬಂದು ನೋಡಿದರೆ ಬರೀ ಬೈತಲೆ ಮತ್ತು ತಡ್ಪೆ. ಮುಖ ಬೇಕು ಅಂತ ಕರೆದರೆ ತಲೆ ಎತ್ತಿ ನಗುತ್ತಿದ್ದರು, ಕೈ ನಿಂತುಬಿಡುತ್ತಿತ್ತು.

ದಾರಿ ತೋರಿಸಿದ್ದು ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಡೆಕ್ಕನ್ ಹೆರಾಲ್ಡ್‌ನಲ್ಲಿ ಕೆಲಸ ಮಾಡಿ, ಆಮೇಲೆ ಸ್ವತಂತ್ರವಾಗಿ ದೇಶವೆಲ್ಲ ಸುತ್ತಿದರು. ಸಿಡುಬು ನಿರ್ಮೂಲನೆಯ ಕೆಲಸವನ್ನು ಹಳ್ಳಿಹಳ್ಳಿಗೆ ಹೋಗಿ ದಾಖಲಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟಿತು. ನಮ್ಮ ನಿಮ್ಮ ಮನೆಯಂಥ ಮನೆಗಳ ಮಕ್ಕಳು, ಅಲ್ವಾ! ನನಗೆ ಅದೇ ದೊಡ್ಡದು.

ಆ ಮಕ್ಕಳ ಚಿತ್ರಗಳನ್ನು ಮತ್ತೆ ಮತ್ತೆ ನೋಡುವಾಗ ಒಂದು ವಿಷಯ ಹೊಳೆಯಿತು. ಮಗು ನೆಲದಲ್ಲಿದ್ದರೆ ನೋಡುವ ನಾನೂ ನೆಲದಲ್ಲಿದ್ದೇನೆ ಅನ್ನಿಸುತ್ತಿತ್ತು. ನಾನೋ, ಅಷ್ಟು ದಿನ ನಿಂತುಕೊಂಡೇ ಇದ್ದೆ.

ಮುಂದಿನ ಸಲ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದಲ್ಲಿ ಕೂತೆ. ಮೊದಲ ದಿನ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ಮೂರನೇ ದಿನದ ಹೊತ್ತಿಗೆ ಅವರ ಮಾತು ನನ್ನನ್ನು ಬಿಟ್ಟು ಮೀನಿನ ರೇಟು, ಮಗಳ ಮದುವೆ ಅಂತ ಹೋಯಿತು. ಆಗ ಕೆಲಸ ಕಂಡಿತು. ಎಲೆ ಮಧ್ಯಪ್ರದೇಶದ ಕಡೆಯ ಕಾಡಿನದು, ನಮ್ಮ ಕರಾವಳಿಯದ್ದಲ್ಲ. ಅದನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡಿರುತ್ತಾರೆ. ತಗಡಿನ ತುಂಡನ್ನು ಅಳತೆಗೆ ಇಟ್ಟು ಕತ್ತರಿಸುತ್ತಾರೆ. ಚಿಟಿಕೆ ಹೊಗೆಸೊಪ್ಪು ಹರವಿ ಸುರುಳಿ ಸುತ್ತುವಾಗ ಎರಡೂ ಹೆಬ್ಬೆರಳು ಒಟ್ಟಿಗೆ ಹೊರಳುತ್ತವೆ. ತುದಿ ಮಡಚಿ ನೂಲು ಸುತ್ತಿದರೆ ಒಂದು ಬೀಡಿ. ಇಪ್ಪತ್ತೈದಾದರೆ ಒಂದು ಕಟ್ಟು. ಮಜೂರಿ ಸಿಗುವುದು ಸಾವಿರದ ಲೆಕ್ಕದಲ್ಲಿ. ಹಾಗಾಗಿ ಯಾರೂ ಕೈ ನೋಡುವುದಿಲ್ಲ, ಕೈ ತನ್ನಷ್ಟಕ್ಕೆ ಓಡುತ್ತದೆ.

ಬೆಳಕಿನದ್ದು ಇನ್ನೊಂದು ಕತೆ. ಹಂಚಿನ ಮನೆ, ಮಳೆಗಾಲ, ಒಳಗೆ ಕತ್ತಲೆ. ಫ್ಲ್ಯಾಶ್ ಹಾಕಬಾರದು ಅಂತ ನಿರ್ಧಾರ ಮಾಡಿದ್ದೆ. ಹಾಕಿದರೆ ಮನೆ ಮನೆಯಾಗಿ ಉಳಿಯುವುದಿಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚಿತ್ತು. ಮೋಡ ಸರಿದಾಗಲೆಲ್ಲ ಅದರಿಂದ ಬಿಸಿಲಿನ ಒಂದು ತುಂಡು ನೆಲಕ್ಕೆ ಬೀಳುತ್ತಿತ್ತು. ಹೊತ್ತು ಹೋದಂತೆ ಆ ತುಂಡು ಗೋಡೆಯ ಕಡೆ ಸರಿಯುತ್ತಿತ್ತು. ಮನೆಯ ಹಿರಿಯ ಅಕ್ಕ, ಕಣ್ಣು ಸ್ವಲ್ಪ ಮಂಜು, ತಡ್ಪೆ ಎತ್ತದೆಯೇ ಅದರ ಜೊತೆ ಸರಿಯುತ್ತಿದ್ದರು. ನಾಲ್ಕು ಗಂಟೆಗೆ ಅವರ ಬೆನ್ನು ಗೋಡೆಗೆ ತಾಗುತ್ತಿತ್ತು. ನನಗೆ ಬೇಕಾಗಿದ್ದ ಚಿತ್ರ ಅದೇ. ಕತ್ತಲೆಗೆ ತಕ್ಕಂತೆ ಕ್ಯಾಮೆರಾ ಹೊಂದಿಸಿದೆ: ಐಎಸ್‌ಒ 1600, ಅಪರ್ಚರ್ 2.8, ಶಟರ್ ಸೆಕೆಂಡಿನ 60ನೇ ಒಂದು ಭಾಗ. ಬೆರಳು ಕೊಂಚ ಅಲುಗಿದಂತೆ ಬಂತು, ಮುಖ ಸ್ಪಷ್ಟವಾಗಿ ಉಳಿಯಿತು. ಅಲುಗಿದ ಬೆರಳನ್ನು ನಾನು ಹಾಗೇ ಬಿಟ್ಟೆ. ಕೈ ಓಡುತ್ತಿತ್ತಲ್ಲ, ಓಡಿದ ಹಾಗೇ ಕಾಣಲಿ.

ತೆಗೆದ ಫೋಟೋ ತಂದು ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಪೇಟೆಯ ಒಂದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಕವರ್ ಬಿಚ್ಚಿಯೂ ನೋಡದೆ ಕೊಂಡುಹೋದೆ. ಅಕ್ಕ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಉಂದು ಯಾನ್ ಅತ್ತ್" ಅಂದರು. ಇದು ನಾನಲ್ಲ. ಹೌದು, ಸ್ಟುಡಿಯೋದವರು ನನ್ನನ್ನು ಕೇಳದೆಯೇ ಮುಖ ಬೆಳ್ಳಗೆ ಮಾಡಿದ್ದರು, ಸುಕ್ಕು ಅಳಿಸಿದ್ದರು. ಹೊಗೆಸೊಪ್ಪಿನ ಕಂದು ಹತ್ತಿದ ಬೆರಳುಗಳೂ ಗುಲಾಬಿ ಆಗಿದ್ದವು. ನನಗೆ ತುಂಬ ನೋವಾಯಿತು. ಅಷ್ಟು ವರ್ಷದ ಕೆಲಸ ಆ ಬೆರಳಿನಲ್ಲಿತ್ತು.

ಬೇರೆ ಕಡೆ, ಎದುರಿಗೇ ಕೂತು, ಏನೂ ತಿದ್ದಬೇಡಿ ಅಂತ ಹೇಳಿ ಕಪ್ಪುಬಿಳುಪಿನಲ್ಲಿ ಹಾಕಿಸಿದೆ. ಅಂದಿನಿಂದ ಪ್ರಿಂಟ್ ಆಗುವವರೆಗೂ ನಾನು ಜಾಗ ಬಿಟ್ಟು ಏಳುವುದಿಲ್ಲ. ಎರಡನೇ ಚಿತ್ರವನ್ನು ಅಕ್ಕ ಬೀಡಿ ಬ್ರಾಂಚಿನ, ಅಂದರೆ ಕಟ್ಟಿದ ಬೀಡಿ ಕೊಡುವ ಕಡೆಯ, ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡರು. ಗೋಡೆಗೆ ಹಾಕಿದರೆ ಮಳೆಯ ತಂಪಿಗೆ ಹಾಳಾಗ್ತದೆ ಅಂತ.

ಕಳೆದ ಆಗಸ್ಟ್‌ನಲ್ಲಿ ಹೋದಾಗ ಕೂತು ಕಟ್ಟುವವರು ಇಬ್ಬರೇ ಇದ್ದರು. ನಾನು ಯಾವಾಗಿನ ಜಾಗದಲ್ಲಿ ಕೂರಲು ಹೊರಟೆ. ಅಕ್ಕ ಕೈ ನಿಲ್ಲಿಸದೆಯೇ ಗೋಡೆಯ ಕಡೆ ಗಲ್ಲ ತೋರಿಸಿದರು. "ಅಲ್ಲಿ ಬೇಡ ಮಗಾ, ಇಲ್ಲಿ ಕೂತ್ಕೋ. ಈಗ ಬೆಳಕು ಇಲ್ಲಿಗೆ ಬರ್ತದೆ."